ಡಿಗ್ರಿ ಮುಗೀತು, ಊರು ಬಿಡವಲ್ರು

ಹೊರದೇಶದ ಹುಡುಗರು ಓದುವ ಕಾಲೇಜಿನಲ್ಲಿ ಗುಮಾಸ್ತನಾದವನು ನಗಬೇಕೆಂದು ಬೇರೆ ಕಡೆ ಹೋಗಬೇಕಾಗಿಲ್ಲ. ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದರೆ ಸಾಕು, ಒಂದಿಲ್ಲೊಂದು ಪ್ರಸಂಗ ಒಳಗೆ ಬಂದು ಎದುರಿನ ಕುರ್ಚಿಯಲ್ಲಿ ಕೂತುಬಿಡುತ್ತದೆ.

ನಾನು ಕಮಲಾಪುರದವನು. ಎಂಬತ್ತರ ದಶಕದ ಕೊನೆಯಿಂದ ಎರಡು ಸಾವಿರದ ಇಸವಿ ದಾಟುವವರೆಗೂ ದಿನಾ ಬಸ್ಸಿನಲ್ಲಿ ಕಲಬುರಗಿಗೆ ಹೋಗಿ ಬಂದು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಕೆಲಸ ಮಾಡಿದೆ. ಆಗ ಊರಿನ ಬೋರ್ಡುಗಳ ಮೇಲೆಲ್ಲ ಗುಲಬರ್ಗಾ ಅಂತಲೇ ಇತ್ತು. ಸುಡಾನ್, ಕೀನ್ಯಾ, ನೇಪಾಳ, ಮಾರಿಷಸ್, ಎಲ್ಲೆಲ್ಲಿಂದಲೋ ಹುಡುಗರು ಓದಲು ಬರುತ್ತಿದ್ದರು. ಅವರನ್ನು ಪೊಲೀಸ್ ಕಚೇರಿಗೆ ಕರೆದುಕೊಂಡು ಹೋಗಿ, ಹೆಸರು ನೋಂದಾಯಿಸಿ, ಊರಲ್ಲಿ ಇರಲು ಪರವಾನಗಿ ಕೊಡಿಸುವುದು ನನ್ನ ಪಾಲಿನ ಕೆಲಸ. ಅಲ್ಲಿ ಈ ವಿಭಾಗ ನೋಡಿಕೊಳ್ಳುತ್ತಿದ್ದವರು ಒಬ್ಬ ಹಿರಿಯ ಜಮಾದಾರರು. ನಮ್ಮ ಕಡೆಯವರೇ, ಸಮಾಧಾನದ ಮನುಷ್ಯ.

ಹುಡುಗರು ಬರುವಾಗ ಏನೂ ತೊಂದರೆ ಇರುತ್ತಿರಲಿಲ್ಲ. ತೊಡಕು ಶುರುವಾಗುತ್ತಿದ್ದದ್ದು ಡಿಗ್ರಿ ಮುಗಿದ ಮೇಲೆ. ಓದಲಿಕ್ಕೆಂದು ಕೊಟ್ಟ ವೀಸಾ ಓದಿನ ಜೊತೆಗೇ ಮುಗಿಯುತ್ತದೆ. ಆದರೆ ಅಷ್ಟು ಹೊತ್ತಿಗೆ ಹುಡುಗರಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ರುಚಿ ಹತ್ತಿರುತ್ತಿತ್ತು, ಗೆಳೆಯರಾಗಿರುತ್ತಿದ್ದರು, ಕೆಲವರಿಗೆ ಇಲ್ಲಿಯೇ ನೌಕರಿಯ ಆಸೆಯೂ ಹುಟ್ಟಿರುತ್ತಿತ್ತು. ಸರ್ಟಿಫಿಕೇಟ್ ಕೈಗೆ ಬಂದ ಮರುದಿನವೇ ನನ್ನ ಟೇಬಲ್ಲಿಗೆ ಬಂದು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಸರ್, ಇಲ್ಲೇ ಇರಬೇಕಂದ್ರ ಏನ್ ಮಾಡಬೇಕ್ರಿ?"

ರೇಷನ್ ಕಾರ್ಡು

ಈ ಪ್ರಶ್ನೆ ಮೊದಲು ಕೇಳಿದವನು ಸುಡಾನಿನ ಹುಡುಗ. ಮೆಕ್ಯಾನಿಕಲ್ ಓದಿದವನು, ನಮ್ಮ ಆಫೀಸಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬರುವಷ್ಟು ಎತ್ತರ. ಖಾನಾವಳಿಯಲ್ಲಿ ಕನ್ನಡ ಕಲಿತಿದ್ದ, ಬಜಾರಿನಲ್ಲಿ ಉರ್ದು ಕಲಿತಿದ್ದ. ಎರಡೂ ನನ್ನ ಇಂಗ್ಲಿಷಿಗಿಂತ ಚೆನ್ನಾಗಿದ್ದವು.

ನಾನು ನಿಯಮದ ಪುಸ್ತಕ ಹುಡುಕುತ್ತಿರುವಾಗ ನಮ್ಮ ಜವಾನ ನಡುವೆ ಬಾಯಿ ಹಾಕಿದ. "ಪುಸ್ತಕದಾಗ ಏನ್ ನೋಡ್ತೀರಿ ಸಾಹೇಬ್ರ. ಈ ಊರಾಗ ಯಾ ಕೆಲಸಕ್ಕ ಹೋದ್ರೂ ಮೊದಲ ರೇಷನ್ ಕಾರ್ಡ್ ಅದೇನಂತ ಕೇಳ್ತಾರ. ಅದೊಂದು ಮಾಡಿಸಿದ್ರ ಇವನ್ನ ಯಾರೂ ಅಲುಗಾಡಸಂಗಿಲ್ಲ."

ಅದರಿಂದ ಆಗುವುದಿಲ್ಲಪ್ಪ ಅಂತ ನಾನೆಷ್ಟು ಹೇಳಿದರೂ ಹುಡುಗ ಕೇಳಲಿಲ್ಲ. ಕೊನೆಗೆ ಅವನ ಸಮಾಧಾನಕ್ಕೆ ಪಡಿತರ ಕಚೇರಿಗೆ ಕರೆದುಕೊಂಡು ಹೋದೆ. ಅಲ್ಲಿನ ಗುಮಾಸ್ತರು ವಯಸ್ಸಾದವರು. ಮುಂದೆ ಜನ ಸಾಲು ನಿಂತಿದ್ದರಿಂದ ತಲೆ ಎತ್ತದೆಯೇ ಕೇಳಿದರು.

"ಮನಿ ಯಜಮಾನ್ರು ಯಾರು?"

"ನಮ್ಮಪ್ಪರಿ."

"ಎಲ್ಲಿರ್ತಾರ?"

"ಖಾರ್ಟೂಮ್‌ದಾಗ್ರಿ."

"ಅಲ್ಲಿ ಕಾರ್ಡಿನ್ಯಾಗ ನಿನ್ನ ಹೆಸರು ಅದೇನು?"

ಅವರ ದೇಶದಲ್ಲೂ ಸಕ್ಕರೆಯನ್ನು ಸರ್ಕಾರ ಕಾರ್ಡಿನ ಮೇಲೆ ಕೊಡುತ್ತಿತ್ತಂತೆ, ಹುಡುಗ ಸುಳ್ಳು ಹೇಳುವವನಲ್ಲ. "ಸಕ್ಕರಿ ಕಾರ್ಡಿನ್ಯಾಗ ಅದ ರಿ" ಅಂದ.

"ಹಂಗಾರ ಮೊದಲ ಅಲ್ಲಿ ಹೆಸರು ತಗಸು. ತಗದಾರಂತ ಸರ್ಟಿಫಿಕೇಟ್ ತಗೊಂಡು ಬಾ. ಎರಡೂ ಕಡೆ ಹೆಸರು ಇರಬಾರ್ದು."

ನಾನು ಮುಂದೆ ಬಂದು, "ಸಾಹೇಬ್ರ, ಖಾರ್ಟೂಮ್ ಭಾಳ ದೂರ ಅದ ರಿ" ಅಂದೆ.

ಅವರು ಆಗ ತಲೆ ಎತ್ತಿದರು. ಹುಡುಗನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. ಪಾಪ ಅನ್ನಿಸಿರಬೇಕು, ದನಿ ಮೆತ್ತಗಾಯಿತು.

"ದೂರ ಅಂದ್ರ? ಜಿಲ್ಲಾ ಬ್ಯಾರೆ ಏನು?"

"ಬ್ಯಾರೇನ ರಿ."

"ಹಂಗಿದ್ರ ಅಲ್ಲಿ ತಹಶೀಲ್ದಾರ್ ಸಹಿ ಮರೀಬ್ಯಾಡ್ರಿ. ಅದಿಲ್ಲದ ಬಂದ್ರ ಮತ್ತ ತಿರುಗಿ ಹೋಗಬೇಕಾಗ್ತದ."

ಏನೂ ಬೇಕಾಗಿಲ್ಲ

ನೇಪಾಳದವರಿಗೆ ನಮ್ಮ ದೇಶದಲ್ಲಿ ವೀಸಾ ಬೇಡ. ಬರಬಹುದು, ಓದಬಹುದು, ಓದು ಮುಗಿದ ಮೇಲೆ ನೌಕರಿಯನ್ನೂ ಮಾಡಬಹುದು. ಇದು ಗೊತ್ತಾದ ದಿನ ಖುಷಿಪಡಬೇಕಾಗಿದ್ದ ನೇಪಾಳದ ಹುಡುಗ ಮುಖ ಸಣ್ಣದು ಮಾಡಿಕೊಂಡು ನನ್ನ ಮುಂದೆ ಕೂತ.

"ಎಲ್ಲಾರಿಗೂ ಠಸ್ಸೆ ಹಾಕಿ ಕೊಡ್ತೀರಿ. ನನಗೊಬ್ಬಂಗ ಇಲ್ಲ. ಸೇಡಂ ರಸ್ತೆದಾಗ ಮನಿ ನೋಡಾಕ ಹೋದ್ರ ಮಾಲಕರು, ಹೊರಗಿನಾವ ಇದ್ದೀ, ಪೊಲೀಸ್ ಕಾಗದ ತೋರಸು ಅಂತಾರ. ನಾ ಏನ್ ತೋರಸ್ಲಿ?"

ಮಾತು ಖರೆ ಇತ್ತು. ಖಾಸಗಿ ಕಂಪನಿಯಲ್ಲಿ ನೌಕರಿ ಸಿಕ್ಕಿದ್ದರೂ ಇರಲು ಮನೆ ಸಿಗದೆ ಗೆಳೆಯರ ಕೋಣೆಯಲ್ಲಿ ಚಾಪೆ ಹಾಸಿ ಮಲಗುತ್ತಿದ್ದ. ಜಮಾದಾರರ ಹತ್ತಿರ ಕರೆದುಕೊಂಡು ಹೋದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, "ಬ್ಯಾಡ ಅಂದದ್ದಕ್ಕ ಹೆಂಗ ಕಾಗದ ಕೊಡ್ಲಿ?" ಅಂದರು. ಆಮೇಲೆ ಹುಡುಗನ ಮುಖ ನೋಡಿ ಮನಸ್ಸು ಕರಗಿ, ಮೇಲಿನವರನ್ನು ಕೇಳಿ, ಒಂದು ಹಾಳೆಯ ಮೇಲೆ ಬರೆಸಿಕೊಟ್ಟರು: ಇವರಿಗೆ ವೀಸಾ, ಪರವಾನಗಿ, ನೋಂದಣಿ ಇತ್ಯಾದಿ ಏನೂ ಬೇಕಾಗಿರುವುದಿಲ್ಲ. ಕೆಳಗೆ ದುಂಡನೆಯ ಠಸ್ಸೆ.

ಹುಡುಗ ಅದಕ್ಕೆ ಕಟ್ಟು ಹಾಕಿಸಿ, ಸಿಕ್ಕ ಹೊಸ ಮನೆಯ ಗೋಡೆಗೆ ತೂಗು ಹಾಕಿದ.

ಮುಂದಿನ ವಾರ ಕೀನ್ಯಾದ ಹುಡುಗರು ಗುಂಪಾಗಿ ಬಂದು ನನ್ನ ಟೇಬಲ್ ಸುತ್ತ ನಿಂತರು. "ಸರ್, ನಮಗ ಈ ವರ್ಷ ವೀಸಾ ಬ್ಯಾಡ್ರಿ. ಆ ಏನೂ ಬೇಕಾಗಿಲ್ಲ ಅನ್ನೋ ಕಾಗದ ಅದಲ್ಲ, ಅದನ್ನೇ ಕೊಡಸ್ರಿ."

ಹಡಗು ಹತ್ತಿದವರು

ಮಾರಿಷಸ್‌ನ ಹುಡುಗನ ಮನೆಮಾತು ಮರಾಠಿ. ಅವನ ಅಜ್ಜನ ಅಪ್ಪ ಕೊಂಕಣದ ಕಡೆಯಿಂದ ಕಬ್ಬಿನ ತೋಟದ ಕೆಲಸಕ್ಕೆ ಹೋದವರಂತೆ. ಹಿರಿಯರು ಭಾರತದವರಾಗಿದ್ದರೆ ವೀಸಾದ ಹಂಗಿಲ್ಲದೆ ಇಲ್ಲಿದ್ದು ಕೆಲಸ ಮಾಡಬಹುದಾದ ಒಂದು ಕಾರ್ಡು ಆಗಷ್ಟೇ ಬಂದಿತ್ತು. ಹುಡುಗನಿಗೆ ಆಸೆ ಹುಟ್ಟಿತು. ಹಿರಿಯರು ಇಲ್ಲಿಯವರೇ ಅನ್ನುವುದಕ್ಕೆ ಪುರಾವೆ ಮಾತ್ರ ಇರಲಿಲ್ಲ.

ಒಂದು ಭಾನುವಾರ ಅವನನ್ನು ಕಮಲಾಪುರಕ್ಕೆ ಊಟಕ್ಕೆ ಕರೆದೆ. ನಮ್ಮ ಮನೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಪೌರೋಹಿತ್ಯ ಮಾಡಿಕೊಂಡಿದ್ದ ನನ್ನ ಸೋದರಮಾವ ಆ ಹುಡುಗನ ಹಳೇ ಕಾಲದ ಮರಾಠಿ ಕೇಳಿ ಊಟ ಬಿಟ್ಟು ಅವನ ಮುಖವನ್ನೇ ನೋಡಿದರು. ಅವರ ಅಜ್ಜಿ ಆಡುತ್ತಿದ್ದ ಮಾತುಗಳಂತೆ ಅವು. ಕೆಂಪು ಬಾಳೆಹಣ್ಣಿನ ಗೊನೆಯಲ್ಲಿ ಇದ್ದಬದ್ದ ಹಣ್ಣನ್ನೆಲ್ಲ ಅವನ ಚೀಲಕ್ಕೆ ತುಂಬಿ, "ನಡೀರಿ, ಕಚೇರಿಗೆ ನಾ ಬರ್ತೀನಿ. ನಾ ಸಾಕ್ಷಿ ಹೇಳ್ತೀನಿ" ಅಂದರು. ಬೇಡವೆಂದರೂ ಕೇಳದೆ ಮರುದಿನ ಶಲ್ಯ ಹೊದ್ದು ಬಸ್ ನಿಲ್ದಾಣದಲ್ಲಿ ನನಗಿಂತ ಮುಂಚೆ ನಿಂತಿದ್ದರು.

ಜಮಾದಾರರು ಅವರನ್ನು ಕೂರಿಸಿ ಚಹಾ ತರಿಸಿದರು.

"ಆಚಾರ್ರ, ಇವರ ಮುತ್ತಜ್ಜ ಇಲ್ಲಿಂದ ಹಡಗು ಹತ್ತಿ ಹೋದ್ರು ಅಂತ ಹೇಳಾಕತ್ತೀರಿ. ಹೌದಲ್ಲ?"

"ಹೌದು."

"ಹತ್ತಿದ್ದು ನೀವು ನೋಡೀರೇನು?"

"ನಾ ಹೆಂಗ ನೋಡ್ಲಿ? ನಮ್ಮಪ್ಪನೂ ಹುಟ್ಟಿರಲಿಲ್ಲ."

"ಮತ್ತ ಹೆಂಗ ಸಾಕ್ಷಿ ಹೇಳ್ತೀರಿ?"

ಮಾವ ಚಹಾದ ಬಸಿ ಕೆಳಗಿಟ್ಟರು. "ಜಮಾದಾರ್ರ, ಜರಾ ವಿಚಾರ ಮಾಡ್ರಿ. ಈ ಹುಡುಗ ಹಡಗಿನಿಂದ ಇಳದು ನಿಮ್ಮ ಕಣ್ಣ ಮುಂದ ಕುಂತಾನ. ಹಿಂದಿನವರು ಯಾರೂ ಹತ್ತದೇ ಇದ್ರ ಇವ ಹೆಂಗ ಇಳೀತಾನ?"

ಜಮಾದಾರರು ಹೌದೆನ್ನುವಂತೆ ತಲೆಯಾಡಿಸಿದರು. ಪೆನ್ನು ಕೂಡ ಕೈಗೆ ತೆಗೆದುಕೊಂಡಿದ್ದರು. ಮುಂದೆ ಹುಡುಗ ತನ್ನ ಊರಿನಿಂದ ಹಳೇ ಕಾಗದ ತರಿಸಿ ಕಾರ್ಡು ಪಡೆದದ್ದು ಬೇರೆ ಮಾತು. ಆ ದಿನ ಮಾತ್ರ ಇನ್ನೇನು ಕೆಲಸ ಆಗಿಯೇಬಿಟ್ಟಿತು ಅನ್ನುವಾಗ ಹುಡುಗ ಮಾವನ ಶಲ್ಯ ಮೆಲ್ಲಗೆ ಎಳೆದು ಮರಾಠಿಯಲ್ಲಿ ಹೇಳಿದ:

"ಮಾಮಾ, ನಾ ವಿಮಾನದಾಗ ಬಂದೀನಿ."

ಯಾರಿಂದಲೂ ಆಗದ ಕೆಲಸ

ಸುಡಾನಿನ ಹುಡುಗನಿಗೆ ಕೊನೆಗೆ ಒಂದು ದಾರಿ ಕಂಡಿತು. ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವನು ನಂದೂರಿನ ಒಂದು ದಾಲ್ ಮಿಲ್ಲಿಗೆ ಹೋಗುತ್ತಿದ್ದ. ಅಲ್ಲಿ ತೊಗರಿ ಸಿಪ್ಪೆ ಸುಲಿಯುವ ಯಂತ್ರ ಬೇಳೆಯನ್ನು ನುಚ್ಚು ಮಾಡುತ್ತಿತ್ತು. ಇವನು ಅದರ ಉರುಳೆಗಳನ್ನು ಬಿಚ್ಚಿ, ಹೊಂದಿಸಿ, ನುಚ್ಚು ಕಡಿಮೆ ಮಾಡಿಕೊಟ್ಟ. ಮಿಲ್ಲಿನ ಸಾವಕಾರರಿಗೆ ಅವನನ್ನು ಬಿಡುವ ಮನಸ್ಸಾಗಲಿಲ್ಲ.

ನೌಕರಿಯ ವೀಸಾಕ್ಕೆ ಒಂದು ಶರತ್ತು ಇತ್ತು. ಹೊರಗಿನವನನ್ನು ಇಟ್ಟುಕೊಳ್ಳಬೇಕಾದರೆ ಈ ಕೆಲಸ ಇಲ್ಲಿಯವರಿಂದ ಆಗುವುದಿಲ್ಲ ಅಂತ ಮಾಲೀಕ ಒಪ್ಪಿಸಬೇಕು. ಆಗ ಪೊಲೀಸ್ ಕಚೇರಿಗೆ ಹೊಸದಾಗಿ ಬಂದಿದ್ದ ಸಾಹೇಬರು ಮೈಸೂರು ಕಡೆಯವರು, ಬಲು ಕಟ್ಟುನಿಟ್ಟು. ಹತ್ತು ಗಂಟೆಗೆ ಬನ್ನಿ ಅಂತ ಹೇಳಿಕಳಿಸಿದ್ದರು. ಸಾವಕಾರರು, ಹುಡುಗ, ನಾನು ಮೂವರೂ ಬೆಂಚಿನ ಮೇಲೆ ಕೂತು ಕಾದೆವು. ಸಾಹೇಬರು ಬಂದದ್ದು ಊಟದ ಹೊತ್ತಿಗೆ.

"ಗುಲಬರ್ಗಾದಲ್ಲಿ ಎಂಜಿನಿಯರುಗಳಿಗೆ ಬರವೇ?" ಅಂತ ಶುರುಮಾಡಿದರು.

"ಇಲ್ರಿ. ಬೇಕಾದಷ್ಟು ಮಂದಿ ಅದಾರ."

"ಯಂತ್ರ ರಿಪೇರಿ ಅವರಿಗೂ ಬರುತ್ತಲ್ಲ?"

"ಬರ್ತದ್ರಿ."

ನಾನು ಕಣ್ಣು ಮುಚ್ಚಿಕೊಂಡೆ. ವ್ಯಾಪಾರದವರಾದರೂ ಸಾವಕಾರರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹುಡುಗ ತನ್ನ ಬೂಟು ನೋಡುತ್ತ ಕೂತಿದ್ದ. ಇಲ್ಲಿ ಬೇಡ ಅಂದರೆ ಅವನು ಗಂಟು ಕಟ್ಟಲೇಬೇಕಿತ್ತು.

"ಮತ್ತೆ ಬೇರೆ ಯಾರ ಕೈಲೂ ಆಗದ್ದು ಈತ ಏನು ಮಾಡುತ್ತಾನೆ, ಅದನ್ನ ಹೇಳಿ."

ಸಾವಕಾರರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಹೇಳಿದ ಟೈಮಿಗೆ ಬರ್ತಾನ್ರಿ."

ಸಾಹೇಬರು ಗೋಡೆಯ ಗಡಿಯಾರ ನೋಡಿದರು, ಬೆಂಚಿನ ಮೇಲಿದ್ದ ನಮ್ಮನ್ನು ನೋಡಿದರು. ಆಮೇಲೆ ಜಮಾದಾರರ ಕಡೆ ತಿರುಗಿ, "ಬರೆದುಕೊಳ್ಳಿ. ಇದು ಇಲ್ಲಿ ಯಾರಿಂದಲೂ ಆಗೋದಿಲ್ಲ" ಅಂದರು.

ಅಜ್ಜಿಯ ಹೇಳಿಕೆ

ಒಪ್ಪಿಗೆ ಸಿಕ್ಕರೂ ಹುಡುಗ ತನ್ನ ದೇಶಕ್ಕೆ ಹೋಗಿ, ಅಲ್ಲಿನ ನಮ್ಮ ರಾಯಭಾರ ಕಚೇರಿಯಿಂದ ನೌಕರಿಯ ವೀಸಾ ಹಾಕಿಸಿಕೊಂಡೇ ಬರಬೇಕಿತ್ತು. ಹೋದ. ಕೆಲವು ತಿಂಗಳು ಸುದ್ದಿಯೇ ಇರಲಿಲ್ಲ. ಆಮೇಲೆ ಒಂದು ದಿನ ನಮ್ಮ ಆಫೀಸಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದ. ಕೈಯಲ್ಲಿ ಒಂದು ಡಬ್ಬಿ ಖರ್ಜೂರ, ಪಾಸ್‌ಪೋರ್ಟಿನಲ್ಲಿ ವೀಸಾ.

ಸಾವಕಾರರು ಕಮಲಾಪುರದಲ್ಲಿ ತೊಗರಿ ಸ್ವಚ್ಛ ಮಾಡುವ ಒಂದು ಸಣ್ಣ ಘಟಕ ತೆರೆದಿದ್ದರು. ಇವನನ್ನು ಅಲ್ಲಿಗೇ ಹಾಕಿದರು. ನಮ್ಮ ಓಣಿಯಲ್ಲೇ ಒಬ್ಬ ಅಜ್ಜಿಯ ಮನೆಯಲ್ಲಿ ಕೋಣೆ ಹಿಡಿದುಕೊಟ್ಟೆ. ಅಜ್ಜಿಯ ಹೊಲ ಮಹಾಗಾಂವದ ಕಡೆ ಇತ್ತು, ಮಾತು ಜೋರು, ಕೈ ಧಾರಾಳ. ಹುಡುಗನ ಎತ್ತರ ನೋಡಿ ಮೊದಲನೆಯ ದಿನವೇ ರೊಟ್ಟಿಯ ಹಿಟ್ಟು ಹೆಚ್ಚು ಕಲಸಿದಳು.

ಇನ್ನು ಉಳಿದದ್ದು ಹೊಸ ನೋಂದಣಿ. ಕೊಟ್ಟ ವಿಳಾಸದಲ್ಲಿ ಅವನು ಇರುವುದು ನಿಜವೇ ಅಂತ ಪೊಲೀಸರು ನೋಡಿ ಬರೆಯಬೇಕು. ಅದು ಗಡುವಿನೊಳಗೆ ಆಗದಿದ್ದರೆ ವೀಸಾ ಇದ್ದೂ ಊರು ಬಿಡಬೇಕು. ಹೊಸದಾಗಿ ಕೆಲಸಕ್ಕೆ ಸೇರಿದ ಒಬ್ಬ ಪೇದೆ ವಿಚಾರಿಸಲು ಬಂದಾಗ ನಾನು ಕಲಬುರಗಿಯಲ್ಲಿದ್ದೆ, ಹುಡುಗ ಕೆಲಸದಲ್ಲಿದ್ದ. ಅಜ್ಜಿ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದಳು.

ಪೇದೆ ಕೇಳಿದನಂತೆ, "ಅವ್ವ, ನಿಮ್ಮ ಮನಿಯಾಗ ಒಬ್ಬ ಪರದೇಶಿ ಅದಾನಂತಲ್ಲ?"

ನಮ್ಮ ಕಡೆ ಹಿಂದಿಲ್ಲದ ಮುಂದಿಲ್ಲದ, ಕೇಳುವವರಿಲ್ಲದ ಅನಾಥನಿಗೆ ಪರದೇಶಿ ಅನ್ನುತ್ತಾರೆ. ಅಜ್ಜಿ ಮೊರ ಕೆಳಗಿಟ್ಟಳು. "ಯಾರಿಗಿ ಪರದೇಶಿ ಅಂತಿ? ನಾವಿಷ್ಟು ಮಂದಿ ಇರೂತನ ಅವ ಯಾಕ ಪರದೇಶಿ ಆಗ್ತಾನ? ಇಲ್ಲಿ ಯಾ ಪರದೇಶಿನೂ ಇಲ್ಲ, ಹೋಗು."

ಪೇದೆ ಪಾಪ ಹಾಗೆಯೇ ಬರೆದುಕೊಟ್ಟ: ಸದರಿ ವಿಳಾಸದಲ್ಲಿ ಪರದೇಶಿ ಯಾರೂ ಇರುವುದಿಲ್ಲ.

ಜಮಾದಾರರು ಅದನ್ನು ಓದಿ ಹೇಳಿದಾಗ ಹುಡುಗ ತಲೆಯ ಮೇಲೆ ಕೈ ಹೊತ್ತು ಕೂತ. ಇಷ್ಟು ದೂರ ಹೋಗಿ ಬಂದದ್ದೆಲ್ಲ ನೀರಲ್ಲಿ ಹೋಮ ಆಗುವುದರಲ್ಲಿತ್ತು. ಮನೆ ಮಾಲಕಿಯೇ ಬಂದು ಹೇಳಿಕೆ ಕೊಟ್ಟರೆ ಸರಿಪಡಿಸಬಹುದು ಅಂದರು ಸಾಹೇಬರು. ಅಜ್ಜಿಯನ್ನು ಬಸ್ಸಿನಲ್ಲಿ ಕರೆತಂದೆ. ದಾರಿಯುದ್ದಕ್ಕೂ ಅವಳು ಪೇದೆಯನ್ನು ಬೈಯುತ್ತಲೇ ಇದ್ದಳು.

"ಅಮ್ಮಾ, ಈ ಹುಡುಗ ಪರದೇಶಿ ಅಂತ ಒಂದು ಮಾತು ಹೇಳಿಬಿಡಿ, ಮುಗಿಯಿತು" ಅಂದರು ಸಾಹೇಬರು.

"ನನ್ನ ಬಾಯಿಲೆ ಅನ್ನಂಗಿಲ್ಲ."

"ಹಾಗಂದರೇನೇ ಅವನಿಗೆ ಇಲ್ಲಿ ಇರೋದಕ್ಕೆ ಪರವಾನಗಿ ಸಿಗೋದು."

ಅಜ್ಜಿ ಅವರನ್ನು ದಿಟ್ಟಿಸಿ ನೋಡಿದಳು. "ಅಂದ್ರ, ನಮ್ಮಾವ ಅಂದ್ರ ಹೊರಗ ಹಾಕ್ತೀರಿ, ಪರದೇಶಿ ಅಂದ್ರ ಇಟಗೋತೀರಿ. ಎಂಥಾ ಕಚೇರಿ ನಡಸಾಕತ್ತೀರಿ ನೀವು?"

ಜಮಾದಾರರು ಮುಖ ಕಿಟಕಿಯ ಕಡೆ ತಿರುಗಿಸಿದರು. ಅವರ ಭುಜ ಅಲುಗುತ್ತಿತ್ತು. ಸಾಹೇಬರೂ ಸೋತರು. ಕೊನೆಗೆ ಅಜ್ಜಿ ಒಪ್ಪಿದಂತೆಯೇ ಬರೆಸಿದರು: ಇವರು ಸುಡಾನ್ ದೇಶದವರು, ನನ್ನ ಮನೆಯಲ್ಲಿರುತ್ತಾರೆ, ಆದರೆ ಪರದೇಶಿ ಅಲ್ಲ. ಅಜ್ಜಿ ಅದನ್ನು ಮತ್ತೊಮ್ಮೆ ಓದಿಸಿ ಕೇಳಿ ಹೆಬ್ಬೆಟ್ಟು ಒತ್ತಿದಳು. ಪರವಾನಗಿಗೆ ಠಸ್ಸೆ ಬಿತ್ತು. ಹುಡುಗ ಅಲ್ಲೇ ಬಗ್ಗಿ ಅವಳ ಕಾಲು ಮುಟ್ಟಿದ.

ಎದ್ದು ಹೊರಡುವಾಗ ಅಜ್ಜಿಯ ಕಣ್ಣು ಸಾಹೇಬರ ಟೇಬಲ್ಲಿನ ಮೇಲಿದ್ದ ಹೋಟೆಲ್ಲಿನ ಊಟದ ಪೊಟ್ಟಣದ ಮೇಲೆ ಬಿತ್ತು. ನಿಂತಳು.

"ನಿಮ್ಮದು ಯಾ ಊರ್ರಿ?"

"ಮೈಸೂರು ಕಡೆ ಅಮ್ಮಾ."

"ಮನಿ ಮಂದಿ?"

"ಎಲ್ಲ ಅಲ್ಲೇ ಇದ್ದಾರೆ. ಇಲ್ಲಿ ನಾನೊಬ್ಬನೇ."

"ಅಡಿಗಿ ಮಾಡಿ ಹಾಕಾವರು?"

"ಯಾರೂ ಇಲ್ಲ."

ಅಜ್ಜಿ ನನ್ನ ಕಡೆ ತಿರುಗಿ, ಅವರಿಗೂ ಕೇಳಿಸುವಷ್ಟು ಮೆಲ್ಲಗೆ ಹೇಳಿದಳು: "ಇವರದೊಂದು ಹೆಸರು ಬರಸಪ್ಪ. ಖರೇ ಪರದೇಶಿ ಅಂದ್ರ ಇವರು ನೋಡು, ಪಾಪ."