ಅತ್ತೆಯ ಕತ್ತರಿ ಮತ್ತು ನನ್ನ ನೀಲಿ ಅಂಗಿ

ಹುಣಸೂರಿನ ನಮ್ಮ ಬೀದಿಯ ಜನ ಹೆದರುವುದು ಎರಡಕ್ಕೇ. ಒಂದು, ಕಾಡಿನಿಂದ ದಾರಿ ತಪ್ಪಿ ಬರುವ ಆನೆಗೆ. ಇನ್ನೊಂದು, ನನ್ನ ಸೋದರತ್ತೆಯ ಕತ್ತರಿಗೆ. ಆನೆಯಾದರೂ ನಾಲ್ಕು ಪಟಾಕಿ ಹೊಡೆದರೆ ವಾಪಸು ಹೋಗುತ್ತದೆ. ಅತ್ತೆ ಹೋಗುವವಳಲ್ಲ!

ಅತ್ತೆ ಮಾಡುವುದು ಪುಣ್ಯದ ಕೆಲಸವೇ. ಹಳೆಯ ಬಟ್ಟೆಗಳನ್ನು ಚೌಕಚೌಕವಾಗಿ ಕತ್ತರಿಸಿ, ಜೋಡಿಸಿ, ಪುಟ್ಟ ಪುಟ್ಟ ಕೌದಿ ಹೊಲಿಯುತ್ತಾಳೆ. ವೀರನಹೊಸಹಳ್ಳಿ ಕಡೆಯ ಗಿರಿಜನರ ಹಾಡಿಗಳಲ್ಲಿ ಹೆರಿಗೆಯಾಯಿತೆಂದು ತಿಳಿದರೆ ಸಾಕು, ಆಶಾ ಕಾರ್ಯಕರ್ತೆಯ ಕೈಯಲ್ಲಿ ಒಂದನ್ನು ಕಳಿಸುತ್ತಾಳೆ. ಬಿಡಿಗಾಸು ಮುಟ್ಟುವುದಿಲ್ಲ. ಹಾಗಾದರೆ ಹೆದರಿಕೆ ಯಾಕೆ ಅಂತೀರಾ? ಗಟ್ಟಿಮುಟ್ಟಾಗಿ ಬಾಳುವವರ ಹಳೆ ಬಟ್ಟೆ ಸುತ್ತಿದರೆ ಕೂಸಿಗೂ ಅವರ ಆಯುಸ್ಸು ಬರುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಹೀಗಾಗಿ ಅತ್ತೆಗೆ ಬಟ್ಟೆ ಕೊಡಲು ಹೋದವರು ಮೊದಲು ಪರೀಕ್ಷೆ ಪಾಸಾಗಬೇಕು.

"ಸಕ್ಕರೆ ಕಾಯ್ಲೆ ಐತಾ? ಬೀಪಿ? ಊಟ ಸೇರ್ತದಾ? ನಿದ್ದೆ?"

ಪಾಸಾದರೆ ಬಟ್ಟೆ ಕತ್ತರಿಯ ಬಾಯಿಗೆ. ಫೇಲಾದರೆ ಮಡಚಿ ವಾಪಸು. ಆ ವಾಪಸು ಬರುವುದಿದೆಯಲ್ಲ, ಅದಕ್ಕೇ ಬೀದಿಯೆಲ್ಲ ನಡುಗುವುದು!

ಎದುರು ಮನೆಯ ನಿವೃತ್ತ ಪೋಸ್ಟ್ ಮಾಸ್ತರರು ಒಮ್ಮೆ ಪಂಚೆ ತಂದುಕೊಟ್ಟರು. ಕೊಡುವಾಗ ಎರಡು ಸಲ ಕೆಮ್ಮಿದರು. ಅತ್ತೆ ಪಂಚೆಯನ್ನು ಅವರ ಹೆಗಲ ಮೇಲೇ ಹಾಕಿ ಕಳಿಸಿದಳು. ಪಾಪ, ಅವರು ಮನೆಗೂ ಹೋಗದೆ ನೇರ ಮೈಸೂರಿನ ಬಸ್ಸು ಹತ್ತಿ ಎಕ್ಸ್‌ರೇ ತೆಗೆಸಿಕೊಂಡರು. ಎಕ್ಸ್‌ರೇಯಲ್ಲಿ ಏನೂ ಸಿಗಲಿಲ್ಲ. ಆದರೂ ನಲವತ್ತು ವರ್ಷದ ಬೀಡಿಯನ್ನು ಅವತ್ತೇ ಬಿಟ್ಟರು. ಆರು ತಿಂಗಳ ನಂತರ ಅದೇ ಪಂಚೆ ತಂದಾಗ ಅತ್ತೆ ಮೂಸಿ ನೋಡಿ, "ಈಗ ಸರಿಯಾಯ್ತು ಬುಡಿ" ಎಂದಳು. ಮಾಸ್ತರರು ಬೀದಿಗೆಲ್ಲ ಮೈಸೂರುಪಾಕು ಹಂಚಿದರು!

ಇದನ್ನೆಲ್ಲ ಹೇಳಿಕೊಂಡು ನಗುತ್ತಿದ್ದವನು ನಾನು. ನನ್ನ ಸರದಿಯೂ ಬಂತು.

ಹೋದ ವರ್ಷ ನನ್ನದೊಂದು ನೀಲಿ ಚೌಕಳಿ ಅಂಗಿ ಒಯ್ದೆ. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಸಕ್ಕರೆ ಕಾಯಿಲೆ ಕೇಳಲಿಲ್ಲ, ಬೀಪಿ ಕೇಳಲಿಲ್ಲ.

"ನಿಂಗೀಗ ಎಷ್ಟ್ಲಾ ವಯಸ್ಸು?"

"ನಲವತ್ತಾರು ಅತ್ತೆ."

ಅಂಗಿಯನ್ನು ಮಡಚಿ ನನ್ನ ಚೀಲಕ್ಕೇ ಹಾಕಿದಳು. "ಇದು ಬ್ಯಾಡ."

"ಯಾಕತ್ತೆ?"

"ಬ್ಯಾಡ ಅಂದ್ರೆ ಬ್ಯಾಡ ಕಣ್ಲಾ. ಕಾಪಿ ಕುಡ್ದು ಓಗು."

ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ನನ್ನ ಅಪ್ಪ ಗದ್ದೆಯ ಬದುವಿನ ಮೇಲೆ ಎದೆ ಹಿಡಿದುಕೊಂಡು ಕುಸಿದು ಹೋದದ್ದು ನಲವತ್ತಾರಕ್ಕೆ.

ಮರುದಿನ ನಾನು ಪಾಠ ಮಾಡುವ ಪಿರಿಯಾಪಟ್ಟಣದ ಶಾಲೆಯಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಎಡಗೈ ಜೋಮು ಹಿಡಿಯಿತು. ಬರೆಯುತ್ತಿದ್ದದ್ದು ಬಲಗೈಯಲ್ಲಿ! ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು, ಇಳಿದರೂ ಹೊಡೆದುಕೊಳ್ಳುತ್ತಿತ್ತು. ಹೆಂಡತಿ, "ಒಂದು ಮುದ್ದೆ ಜಾಸ್ತಿ ಉಂಡಿದ್ದೀರ, ಅಷ್ಟೇ ಕಣ್ರೀ" ಎಂದಳು. ವಾರದಲ್ಲೇ ಇ.ಸಿ.ಜಿ. ಮಾಡಿಸಿದೆ. ಡಾಕ್ಟರು, "ಏನೂ ಇಲ್ಲ ಮೇಷ್ಟ್ರೇ, ಆರಾಮಾಗಿ ಹೋಗಿ" ಎಂದರು. ಆದರೆ ಡಾಕ್ಟರಿಗೆ ಏನು ಗೊತ್ತು, ಅತ್ತೆಗೆ ಗೊತ್ತಿರುವಷ್ಟು!

ಇ.ಸಿ.ಜಿ. ಹಾಳೆ ಹಿಡಿದುಕೊಂಡು ಅತ್ತೆಯ ಮನೆಗೇ ಹೋದೆ. ಅವಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದಳು. "ಇದೇನ್ಲಾ, ಒಲಿಗೆ ಇಷ್ಟು ಸೊಟ್ಟಗೆ ಬಿದ್ದೈತೆ?"

"ಅದು ಹಾಗೇ ಇರಬೇಕಂತೆ ಅತ್ತೆ. ಎದೆ ಗಟ್ಟಿಯಾಗಿದೆಯಂತೆ. ಈಗಲಾದರೂ ಹೇಳು, ಅಂಗಿ ಯಾಕೆ ವಾಪಸು ಕೊಟ್ಟೆ? ನನಗೇನು ಕಂಡಿತು ನಿನಗೆ?"

ಅತ್ತೆ ಮಣೆಯ ಮೇಲೆ ಕುಳಿತುಬಿಟ್ಟಳು.

"ನಿಂಗೇನೂ ಆಗಿಲ್ಲ ಕಣ್ಲಾ. ಎದ್ರಿಕೆ ನಂದು. ನಾನು ಮೊದ್ಲು ಕೌದಿ ಒಲ್ದಾಗ ನಿಮ್ಮಪ್ಪನ ಅಂಗೀನೇ ಕತ್ತರ್ಸಿದ್ದು. 'ನನ್ ಆಯಸ್ಸು ಗಟ್ಟಿ, ತಕ್ಕಳಕ್ಕಾ' ಅಂತ ನಗ್ತಾ ಕೊಟ್ಟ. ವಾರಕ್ಕೇ ಒಂಟೋದ. ಆ ಕೌದಿ ಸುತ್ತಿದ್ ಕೂಸು ಬದುಕ್ತು, ಈಗ ಟ್ರ್ಯಾಕ್ಟರ್ ಓಡಿಸ್ತದೆ. ಬಟ್ಟೆ ಜೊತೆ ತಮ್ಮನ ಆಯಸ್ಸೂ ಕತ್ತರ್ಸಿಬುಟ್ನಾ ಅಂತ... ಅದಕ್ಕೇ ಎಲ್ರನ್ನೂ ಅಂಗೆ ಕೇಳಾದು. ನಲವತ್ತಾರು ಅಂದ್ಯಲ್ಲ, ಕೈ ಬರ್ನಿಲ್ಲ."

ಇಪ್ಪತ್ತಾರು ವರ್ಷ ನಾವೆಲ್ಲ ಅತ್ತೆಗೆ ಹೆದರುತ್ತಿದ್ದೆವು. ಅಷ್ಟೂ ವರ್ಷ ಅತ್ತೆ ತನ್ನ ಕತ್ತರಿಗೆ ತಾನೇ ಹೆದರುತ್ತಿದ್ದಳು. ನನಗೆ ಅಳು ಬಂತು.

ಮೊನ್ನೆ ನನಗೆ ನಲವತ್ತೇಳು ತುಂಬಿತು. ಅದೇ ಅಂಗಿ ಒಯ್ದು ಅವಳ ತೊಡೆಯ ಮೇಲಿಟ್ಟೆ. "ಈಗ ಕತ್ತರಿಸು ಅತ್ತೆ." ಅವಳು ಕತ್ತರಿ ಎತ್ತಿಕೊಂಡಳು, ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು.

"ಇಲ್ಲೇ ನನ್ ಪಕ್ಕದಲ್ಲಿ ಕೂತ್ಕಳ್ಲಾ. ಉಸಿರಾಡದು ನಂಗೆ ಕೇಳಂಗಿರ್ಲಿ."

ಅವಳಿಗೆ ಒತ್ತಿಕೊಂಡು ಕುಳಿತು ನಾನು ಜೋರಾಗಿ ಉಸಿರಾಡತೊಡಗಿದೆ. ಅತ್ತೆ ಕತ್ತರಿಸಿದಳು.