ಚನ್ನಾಜಮ್ಮನ ಹಿಮ್ಮಡಿ ರಿಪೇರಿ

ಯಳಂದೂರಿನ ಬೆಲ್ಲದ ವ್ಯಾಪಾರಿ ಶಿವರುದ್ರಸ್ವಾಮಿಯವರ ಕೈಗೆ ಸಿಕ್ಕ ಯಾವ ವಸ್ತುವೂ ಹುಟ್ಟಿದ ಹಾಗೆ ಉಳಿದದ್ದಿಲ್ಲ! ಛತ್ರಿಗೆ ಸೈಕಲ್ ಗಂಟೆ ಕಟ್ಟಿದರು. ೧೯೬೮ರ ಯುಗಾದಿಗೆ ನೆಲದ ಒಲೆ ಕೆಡವಿಸಿ, ಪೇಟೆಯವರಂತೆ ನಿಂತು ಬೇಯಿಸುವ ಕಟ್ಟೆ ಒಲೆ ಕಟ್ಟಿಸಿದರು.

ದೀಪಾವಳಿ ಹೊತ್ತಿಗೆ ಹೆಂಡತಿ ಚನ್ನಾಜಮ್ಮನಿಗೆ ಹಿಮ್ಮಡಿ ನೋವು. ಹೆಜ್ಜೆ ಊರಿದರೆ ಮುಳ್ಳು ಚುಚ್ಚಿದಂತೆ. ಕೊಳ್ಳೇಗಾಲದ ಡಾಕ್ಟರು ಚಪ್ಪಲಿಯೊಳಗೆ ಮೆತ್ತನೆಯ ಪ್ಯಾಡೊಂದನ್ನು ಅಂಟಿಸಿಕೊಟ್ಟು, "ಒಂದೊಂದೇ ಬದಲಾವಣೆ ಮಾಡೋಣ. ತಿಂಗಳು ಬಿಟ್ಟು ಬನ್ನಿ" ಎಂದರು.

ತಿಂಗಳು ಕಾಯುವುದೆ? ಶಿವರುದ್ರಸ್ವಾಮಿ ಎದೆಯುಬ್ಬಿಸಿದರು. "ಡಾಕ್ಟ್ರು ಓದವ್ರೆ, ನಾನು ತಲೆ ಓಡ್ಸಿವ್ನಿ! ಹುಣ್ಮೆ ಒಳ್ಗೆ ನಿನ್ನ ಕುಣಿಯಂಗೆ ಮಾಡ್ತೀನಿ, ನೋಡ್ತಿರು!"

"ಕುಣಿಯೋದು ಬ್ಯಾಡ, ನಡುದ್ರೆ ಸಾಕು ಕಣ್ರಿ."

ಹಿಮ್ಮಡಿಗೆ ಟೈರಿನ ತುಂಡು, ಅಂಗಾಲಿನ ಗುಳಿಗೆ ಕಂಬಳಿ ಚೂರು, ಹೊರ ಅಂಚಿಗೆ ಮರದ ಬೆಣೆ! ಚಪ್ಪಲಿ ಮಣೆಯಷ್ಟು ಎತ್ತರವಾಯಿತು. ಅದನ್ನು ಮೆಟ್ಟಿ ಗಂಡನ ಜೊತೆ ಸಂತೆಗೆ ಹೋದ ಚನ್ನಾಜಮ್ಮ ತೂರಾಡಿ, ಬದನೆಕಾಯಿ ರಾಶಿಯ ಮೇಲೆ ಪಟ್ಟಾಭಿಷಿಕ್ತರಾದರು! ಸಂತೆಗೆ ಸಂತೆಯೇ ನಕ್ಕಿತು. ಎಬ್ಬಿಸುವಾಗ ಅವರ ಕಣ್ಣಲ್ಲಿ ನೀರು ಕಂಡು ಶಿವರುದ್ರಸ್ವಾಮಿ ಹೆಗಲ ಟವೆಲಿನಿಂದ ಒರೆಸಿದರು. ಮರುದಿನವೇ ಕೊಳ್ಳೇಗಾಲದ ಬಸ್ಸು ಹತ್ತಿಸಿ, ತಾವೂ ಹೊರಟರು.

ಚಪ್ಪಲಿ ನೋಡಿ ಡಾಕ್ಟರು ಬೆಚ್ಚಿಬಿದ್ದರು. ಟೈರು, ಕಂಬಳಿ, ಬೆಣೆ ಎಲ್ಲ ಕಿತ್ತು ತಮ್ಮ ಪ್ಯಾಡನ್ನು ಒತ್ತಿ ನೋಡಿದರು. ಅದು ಕೊಟ್ಟ ದಿನದ ಹಾಗೇ ಉಬ್ಬಿಕೊಂಡಿತ್ತು.

"ಅಮ್ಮಾ, ಇದನ್ನು ಹಾಕಿಕೊಂಡೇ ಇಲ್ಲವಲ್ಲ?"

"ಸಂತೆಗೆ ಓಗುವಾಗ ಆಕ್ಕತೀನಿ ಸಾ."

"ನೋವು ಯಾವಾಗ ಜಾಸ್ತಿ?"

"ಒಲೆ ಮುಂದೆ ನಿಂತಾಗ."

"ಅಲ್ಲೂ ಹಾಕಿಕೊಳ್ಳಿ."

"ಶಿವ ಶಿವಾ! ಒಲೆ ಮುಂದೆ ಚಪ್ಪಲಿಯಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಹಾಗಾದರೆ ಏನು ಬದಲಾಯಿಸೋಣ, ನೀವೇ ಹೇಳಿ."

ಇಷ್ಟು ದಿನ ಚನ್ನಾಜಮ್ಮನನ್ನು ಯಾರೂ ಕೇಳದಿದ್ದ ಮಾತದು. ಅವರು ಗಂಡನ ಕಡೆ ನೋಡಿ ನಕ್ಕರು. "ಪ್ಯಾಡು ಚೆಂದಾಗದೆ ಸಾ. ಒಲೆನ ಎರಡೂವರೆ ಅಡಿ ತಗ್ಗಿಸಕ್ಕೆ ಇವ್ರಿಗೊಂದು ಚೀಟಿ ಬರ್ಕೊಡಿ. ಮೊದ್ಲಂಗೆ ಕೂತ್ಕಂಡು ಬೇಯಿಸ್ತೀನಿ."

ಚೀಟಿ ಬೇಕಾಗಲಿಲ್ಲ. ಊರಿಗೆ ಬಂದವರೇ ಶಿವರುದ್ರಸ್ವಾಮಿ ಹಾರೆ ಹಿಡಿದು ಕಟ್ಟೆ ಒಡೆದರು. ಮೂರನೆಯ ದಿನ ಚನ್ನಾಜಮ್ಮ ನೆಲದ ಒಲೆಯ ಮುಂದೆ ಹಾಯಾಗಿ ಕೂತು ಬೇಯಿಸಿದ ಮೊದಲ ರೊಟ್ಟಿ ಗಂಡನ ತಟ್ಟೆಗೇ ಬಿತ್ತು.

"ಈ ಒಲೆ ಬಾಯ್ನ ಒಂಚೂರು ಅಗ್ಲ ಮಾಡ್ಬುಟ್ರೆ..." ಎಂದು ಅವರು ಶುರು ಮಾಡಿದರು.

ಚನ್ನಾಜಮ್ಮ ಡಾಕ್ಟರು ಕಿತ್ತುಕೊಟ್ಟಿದ್ದ ಟೈರಿನ ತುಂಡನ್ನು ಪಕ್ಕದಿಂದ ಎತ್ತಿ ತೋರಿಸಿದರು. ಶಿವರುದ್ರಸ್ವಾಮಿ ಇಡೀ ರೊಟ್ಟಿಯನ್ನು ಬಾಯಿಗೆ ತುರುಕಿಕೊಂಡರು!