ಪುಟ್ಟಿಯ ಸೈನ್ಯವೂ ಹಾವೇರಿಯ ಆನೆಗಳೂ

ನನಗೆ ಹೊಟ್ಟೆಕಿಚ್ಚು ತರಿಸುವ ಪ್ರಸಂಗಗಳು ನಮ್ಮೂರಲ್ಲಿ ಹುಟ್ಟುವುದಿಲ್ಲ; ತಿಂಗಳಿಗೆ ಎರಡಾದರೂ ಹಾವೇರಿಯಲ್ಲಿ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಬಂದು ಇಳಿಯುತ್ತವೆ. ಕಳಿಸುವವಳು ನನ್ನ ಅತ್ತೆಯ ಮಗಳು. ಹುಡುಗಿಯರಿಬ್ಬರಿಗೂ ಒಂದೇ ಹುಚ್ಚು: ಹೆಬ್ಬೆರಳಿನಷ್ಟು ಎತ್ತರದ ಸೈನಿಕರಿಗೆ ಬಣ್ಣ ಬಳಿದು, ಹಳೆಯ ಕಾಲದ ಕಾಳಗವನ್ನು ಮೇಜಿನ ಮೇಲೆ ದಾಳ ಉರುಳಿಸಿ ಆಡುವುದು. ಅವಳದು ಬಿಜಾಪುರದ ಸುಲ್ತಾನನ ಸೈನ್ಯ, ವಿದೇಶದಿಂದ ತರಿಸಿದ ಲೋಹದ್ದು. ನನ್ನದು ವಿಜಯನಗರ, ನಲ್ಲಿ ಸೋರಿದರೆ ಮೆತ್ತುವ ಪುಟ್ಟಿಯದ್ದು. ಈಟಿಗಳು ಕಸಬರಿಗೆ ಕಡ್ಡಿ. ಅವಳ ಮಾತು ಪಟಪಟ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಬಾಯಿ ಮುಚ್ಚಿ ಕೂತು ಕಲಿತ ನನಗೆ ತಕ್ಕ ಉತ್ತರ ಹೊಳೆಯುವುದು ವಾಪಸು ಬರುವ ಬಸ್ಸು ಮೋಟೆಬೆನ್ನೂರು ದಾಟಿದ ಮೇಲೆ. ನನಗಿದ್ದದ್ದು ಒಂದೇ ಆಸೆ: ಒಮ್ಮೆಯಾದರೂ ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು ಬರಬೇಕು.

ಯಾವ ತಳಿ?

ಅವಳ ಸೈನ್ಯಕ್ಕೆ ಅತ್ತೆ ಗಾಜಿನ ಕಪಾಟು ಮಾಡಿಸಿಕೊಟ್ಟಿದ್ದಾಳೆ, ಒಳಗೆ ದೀಪ ಬೇರೆ. ನನ್ನ ಸೈನ್ಯ ಒಣಗುವುದು ಅಪ್ಪನ ಬೀಜದಂಗಡಿಯಲ್ಲಿ, ಮಾದರಿ ಬೀಜ ಇಡುವ ತಟ್ಟೆಗಳಲ್ಲಿ. ಒಮ್ಮೆ ಮೊದಲ ಕೋಟು ಗುಲಾಬಿ ಬಳಿದು ಇಟ್ಟಿದ್ದೆ. ಔಷಧಿ ಲೇಪಿಸಿದ ಬೀಜಕ್ಕೂ ಅದೇ ಬಣ್ಣ. ಮೇಡ್ಲೇರಿಯಿಂದ ಬಂದ ರೈತರೊಬ್ಬರು ಒಬ್ಬ ಬಿಲ್ಲುಗಾರನನ್ನು ಎತ್ತಿ ಬೆಳಕಿಗೆ ಹಿಡಿದು, ಇದು ಯಾವ ಹೊಸ ತಳಿ, ಎಷ್ಟು ದಿನಕ್ಕೆ ಫಲ ಕೊಡುತ್ತದೆ ಎಂದು ಕೇಳಿದರು.

ಅಪ್ಪ ನನ್ನತ್ತ ನೋಡಿ ನಿಟ್ಟುಸಿರು ಬಿಟ್ಟರು. "ನಾಕು ವರ್ಷದಿಂದ ನೋಡಾಕತ್ತೇನ್ರಿ. ಇನ್ನೂ ಮೊಳಕಿ ಒಡದಿಲ್ಲ."

ಬ್ಯಾಡಗಿಯ ಕೆಂಪು

ಅವಳ ಸವಾರರ ಪೇಟದ ಕೆಂಪು ಕಂಡಾಗಿನಿಂದ ನನಗೆ ನಿದ್ದೆ ಸರಿ ಇರಲಿಲ್ಲ. ಯಾವ ಬಣ್ಣ ಎಂದು ಕೇಳಿದರೆ ನಕ್ಕು ಮಾತು ಮರೆಸಿದಳು. ಇರಲಿ, ಕೆಂಪಿಗೆ ನಮಗೇನು ಬರ ಎಂದು ಬ್ಯಾಡಗಿಗೆ, ಮೆಣಸಿನಕಾಯಿ ವ್ಯಾಪಾರದ ಸೋದರಮಾವನ ಮನೆಗೆ ಹೋದೆ. ಮಾವ ಮೆಣಸಿನ ಸಿಪ್ಪೆ ಎಣ್ಣೆಯಲ್ಲಿ ಕಾಸಿ, ಸೋಸಿ, ಬಟ್ಟಲಲ್ಲಿ ಕೊಟ್ಟ. ನಮ್ಮ ಕಾಯಿ ಬಣ್ಣಕ್ಕೆ ಹೆಸರು, ಖಾರಕ್ಕಲ್ಲ ಎಂದು ಅಭಯವನ್ನೂ ಕೊಟ್ಟ.

ಕೆಂಪು ಅದ್ಭುತವಾಗಿತ್ತು. ಆದರೆ ಕುಂಚದ ತುದಿ ಚೂಪಾಗಲು ನಾಲಿಗೆಗೆ ಒತ್ತುವ ಅಭ್ಯಾಸ ನನ್ನದು. ಹತ್ತನೆಯ ಪೇಟಕ್ಕೆ ಬರುವಷ್ಟರಲ್ಲಿ ಮಾವನ ಅಭಯ ಸುಳ್ಳಾಯಿತು. ಅದೇ ಗಳಿಗೆಗೆ ಹಾವೇರಿಯಿಂದ ವೀಡಿಯೋ ಕಾಲ್. ಹೊಸದಾಗಿ ಬಂದ ಆನೆಗಳನ್ನು ಸಾಲಾಗಿ ನಿಲ್ಲಿಸಿ ತೋರಿಸುತ್ತಿದ್ದಾಳೆ. ನನ್ನ ಕಣ್ಣಲ್ಲಿ ಧಾರಾಕಾರ ನೀರು.

"ಅಯ್ಯ, ನನ್ನ ಆನಿ ನೋಡಿ ಅಳಾಕತ್ತೀಯೇನ?"

ಖಾರ ಹತ್ತಿತು ಎಂದೆ. ಅರ್ಧ ನಿಜ.

ಬನ್ನಿ

ದಸರೆಗೆ ಅತ್ತೆಯ ಮನೆಯಲ್ಲಿ ಕಾಳಗ ಎಂದು ನಿಶ್ಚಯವಾಯಿತು. ಹಿಂದಿನ ದಿನ ಆಯುಧಪೂಜೆ. ಅವ್ವ ಕುಡುಗೋಲು, ತಕ್ಕಡಿ, ಸ್ಕೂಟಿ ಮುಗಿಸಿ, "ಇವರೂ ಆಯುಧ ಹಿಡದಾರಲ್ಲ" ಎಂದು ನನ್ನ ಇಡೀ ಸೈನ್ಯಕ್ಕೆ ವಿಭೂತಿ, ಕುಂಕುಮ ಹಚ್ಚಿಬಿಟ್ಟಳು. ರಾಜನ ಮುಖವೇ ಕಾಣುತ್ತಿರಲಿಲ್ಲ.

ಮರುದಿನ ಹಾವೇರಿಯಲ್ಲಿ ಡಬ್ಬಿ ತೆರೆದದ್ದೇ ತಡ, ಅವಳು ಕೇಳಿದಳು: "ನಿನ್ನ ಸೈನ್ಯ ಯುದ್ಧಕ್ಕ ಬಂದೈತೋ, ಕುಬಸಕ್ಕ ಬಂದೈತೋ?"

ಸೀಮಂತಕ್ಕೆ ಕೂತ ಬಸುರಿಯರಂತೆ ಕುಂಕುಮ ಹಚ್ಚಿಕೊಂಡ ನನ್ನ ಸೈನಿಕರನ್ನು ನೋಡಿ ಮನೆಮಂದಿಯೆಲ್ಲ ನಕ್ಕರು. ನಾನು ರಾಜನ ಮುಖದ ಕುಂಕುಮ ಒರೆಸಿ ಮೇಜಿನ ಮೇಲೆ ನಿಲ್ಲಿಸಿದೆ. ಅಂದು ದಾಳಗಳು ನನ್ನ ಪರವಾಗಿ ಮಾತಾಡಿದವು. ಸಂಜೆಯ ಹೊತ್ತಿಗೆ ಆ ಆನೆಗಳಲ್ಲಿ ಉಳಿದದ್ದು ಒಂದೇ, ಅದರ ಮೇಲೆ ಅವಳ ಸೇನಾಪತಿ. ನನ್ನ ಸರದಿ. ನಾಲ್ಕೋ ಹೆಚ್ಚೋ ಬಿದ್ದರೆ ಅವನು ಉರುಳುತ್ತಾನೆ. ಕಡಿಮೆ ಬಿದ್ದರೆ ನನ್ನ ರಾಜ ಉರುಳುತ್ತಾನೆ. ದಾಳ ಕೈಗೆತ್ತಿಕೊಂಡೆ.

ಅಷ್ಟರಲ್ಲಿ ಅತ್ತೆ ಬನ್ನಿ ಎಲೆ ಹಿಡಿದು ಬಂದಳು. ಹಿರಿಯರು ಬನ್ನಿ ಕೊಟ್ಟರೆ ಬಲಗೈ ಚಾಚಲೇಬೇಕು. ದಾಳ ಕೆಳಗಿಟ್ಟೆ.

"ಬನ್ನಿ ತಗೊಂಡು ಬಂಗಾರದಂಗ ಇರೋಣ," ಎಂದು ಅತ್ತೆ ಇಬ್ಬರಿಗೂ ಕೊಟ್ಟು, ನನ್ನ ರಾಜನ ಮುಂದೂ ಅವಳ ಸೇನಾಪತಿಯ ಮುಂದೂ ಒಂದೊಂದು ಎಲೆ ಇಟ್ಟಳು.

ಅತ್ತೆಯ ಮಗಳು ತಕ್ಷಣ ಎದ್ದಳು. "ಬನ್ನಿ ತಗೊಂಡ ಮ್ಯಾಲ ಜಗಳ ಎಲ್ಲೀದು? ಆಟ ಮುಗೀತು."

ಎಂಥ ಒಳ್ಳೆ ಮನಸ್ಸು ಈ ಹುಡುಗಿದು ಎಂದು ಎಲ್ಲರೂ ಅವಳನ್ನೇ ಹೊಗಳುತ್ತ, ಬನ್ನಿ ಹಂಚಲು ಓಣಿಗೆ ಹೋದರು. ಸೈನ್ಯ ಎತ್ತಿಡಲು ನಾನೊಬ್ಬಳೇ ಉಳಿದೆ. ತಡೆಯಲಾಗಲಿಲ್ಲ. ದಾಳ ಉರುಳಿಸಿದೆ.

ಒಂದು ಬಿತ್ತು.

ಸುತ್ತ ನೋಡಿದೆ. ಕಿರುಬೆರಳಿನಿಂದ ಅದನ್ನು ಆರಕ್ಕೆ ಹೊರಳಿಸಿಟ್ಟು, ಅಡುಗೆಮನೆಗೆ ಹೋಗಿ ಹೋಳಿಗೆ ಹಾಕಿಕೊಂಡು ಕೂತೆ.

ಅವಳು ವಾಪಸು ಬಂದವಳೇ ಕೇಳಿದಳು: "ನೀ ಆಮ್ಯಾಲ ದಾಳ ಒಗದೀಯೇನ? ಎಷ್ಟ ಬಿತ್ತು?"

ಮೋಟೆಬೆನ್ನೂರು ಇನ್ನೂ ದೂರವಿತ್ತು, ಆದರೂ ಉತ್ತರ ಬಂತು. "ನೀನ ಹೋಗಿ ನೋಡು."

ಹೋಗಿ ನೋಡಿ ಬಂದಳು. ಅತ್ತೆ ಬಡಿಸಿದ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿದಳು.

ಅದನ್ನೂ ನಾನೇ ತಿಂದೆ.